ವಿಕ್ರಯಾರ್ಥ ಗೃಹಾಲಂಕಾರ

ಪುತ್ತೂರು, ಸುಳ್ಯಗಳ ಕಡೆ ಮನೆಯೊಂದನ್ನು ಮಾರಬೇಕೆಂದು ಮನಸ್ಸು ಮಾಡಿದವನ ಜಗಲಿಯನ್ನು ಗಿರಾಕಿಗಿಂತ ಮೊದಲು ಏರಿ ಬರುವುದು ಉಪದೇಶ. ತಾನು ಒಂದಂಗುಲವೂ ಅಲುಗದೆ, 2018ರಲ್ಲಿ ಹೊಸ ತಾಲೂಕಿನ ಉದಯವಾದ ಕಾರಣಕ್ಕೆ ಪುತ್ತೂರನ್ನು ತ್ಯಜಿಸಿ ಕಡಬಕ್ಕೆ ಸೇರಿಹೋದ ನಮ್ಮ ಭಾವನ ತರವಾಡು ಮನೆಯ ವಿಕ್ರಯಪ್ರಸಂಗದಲ್ಲಿ ಆ ಉಪದೇಶವನ್ನು ದಯಪಾಲಿಸಿದವನು ಪೇಟೆಯ ಒಬ್ಬ ದಲ್ಲಾಳಿ. “ಭಟ್ರೇ, ಒಳಗೆ ಬಂದವನಿಗೆ ಇದು ತನ್ನದೇ ಮನೆ ಅಂತ ಆಗಬೇಕು, ನೀವು ಇದ್ದದ್ದೇ ಗೊತ್ತಾಗಬಾರದು” ಎಂಬುದು ಆತನ ಸಿದ್ಧಾಂತ. ಅಮೆರಿಕದಲ್ಲಿ ಇದೊಂದು ಸ್ವತಂತ್ರ ವೃತ್ತಿಯೇ ಆಗಿದ್ದು, ಬಾಡಿಗೆಯ ಸೋಫಾ, ಬಾಡಿಗೆಯ ಹೂದಾನಿಗಳನ್ನು ತಂದಿರಿಸಿ ಮನೆಯನ್ನು ಸಿಂಗರಿಸಿ ಕೊಡುವವರುಂಟು. ನಮ್ಮಲ್ಲಿ ಅಷ್ಟನ್ನೂ ಅಕ್ಕ ಏಕಾಂಗಿಯಾಗಿ ನಿರ್ವಹಿಸಿದಳು.

ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಕಾವಿಯ ನೆಲ, ಇವೆಲ್ಲ ಸಂಭಾವಿತವಾದವುಗಳೇ. ಮನುಷ್ಯವಾಸದ ಕುರುಹುಗಳನ್ನು ಅಳಿಸುವುದೇ ದುಸ್ಸಾಧ್ಯವಾಯಿತು. ಅಡಿಕೆಯ ಕೊಳೆರೋಗದ ಮದ್ದಿಗೆಂದು ವರ್ಷಂಪ್ರತಿ ಮೈಲುತುತ್ತು ಕರಗಿಸುತ್ತಿದ್ದ ಪ್ಲಾಸ್ಟಿಕ್ ಡ್ರಮ್ಮಿನ ಅಡಿಯಲ್ಲಿ, ಚಾವಡಿಯ ಮೂಲೆಯ ನೆಲಕ್ಕೆ, ನವಿಲಿನ ಕೊರಳಿನ ವರ್ಣದ ವೃತ್ತವೊಂದು ಶಾಶ್ವತವಾಗಿ ಅಂಟಿತ್ತು. ಹುಣಿಸೆಹುಳಿ, ಸೀಗೆಪುಡಿ, ತೆಂಗಿನ ನಾರು ಮೊದಲಾದ ಸಕಲ ಅಸ್ತ್ರಗಳೂ ವಿಫಲವಾಗಲು, ಅದರ ಮೇಲೆ ಪತ್ತಾಯವನ್ನು ನೂಕಲಾಯಿತು. ಪತ್ತಾಯವು ತೆರವು ಮಾಡಿದ ಸ್ಥಳದಲ್ಲಿ ಗೆದ್ದಲಿನ ಸಾಮ್ರಾಜ್ಯವೊಂದು ಪ್ರಕಟವಾಗಿ, ಅದನ್ನು ಮರೆಮಾಡಲು ಅಜ್ಜನ ಆರಾಮಕುರ್ಚಿಯನ್ನು ತರಲಾಯಿತು. ಕುರ್ಚಿ ಎದ್ದುಹೋದ ಕಡೆಯ ಗೋಡೆಯಲ್ಲಿ, ಅಜ್ಜನು ಅರ್ಧಶತಮಾನ ತಲೆಯಾನಿಸಿದ್ದರ ಸಾಕ್ಷಿಯಾಗಿ, ಎಣ್ಣೆಯ ದುಂಡನೆಯ ಕಲೆಯೊಂದು ಕಾಣಿಸಿಕೊಳ್ಳಲು, ಅದರ ಮೇಲೆ ಸೊಸೈಟಿಯ ಕ್ಯಾಲೆಂಡರು ತೂಗಿತು. ಅಟ್ಟದಲ್ಲಿ ಹೊಗೆ ಕುಡಿಯುತ್ತಿದ್ದ ರಬ್ಬರ್ ಶೀಟುಗಳ ವಾಸನೆಯನ್ನು ಅಡಗಿಸಲೆಂದು ಊದುಬತ್ತಿ ಹಚ್ಚಿದಾಗ ಎರಡೂ ಸಮಾಗಮಗೊಂಡು ಹುಟ್ಟಿದ ಮೂರನೆಯ ಗಂಧಕ್ಕೆ ನಾಮಕರಣ ಮಾಡುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ಸುಳ್ಯದಿಂದ ಜೀಪಿನಲ್ಲಿ ಆಗಮಿಸಿದ ಗಿರಾಕಿಯು ಜಗಲಿಯಲ್ಲಿಯೇ ಬೆಲ್ಲ-ನೀರು ಸೇವಿಸಿ, ಚಾವಡಿಯತ್ತ ಕಣ್ಣನ್ನೂ ಹಾಯಿಸದೆ, ಪಂಚೆಯೆತ್ತಿ ಕಟ್ಟಿ ನೆಟ್ಟಗೆ ತೋಟಕ್ಕಿಳಿದನು. ಸಂಪಾಜೆ, ಅರಂತೋಡುಗಳ ತೋಟಗಳನ್ನು ಹಳದಿ ಎಲೆ ರೋಗವು ನುಂಗಿದ್ದನ್ನು ಕಣ್ಣಾರೆ ಕಂಡವನಾದುದರಿಂದ ಮರಮರದ ಸೋಗೆಯನ್ನೂ ಕತ್ತೆತ್ತಿ ಪರೀಕ್ಷಿಸಿದನು. ಸುರಂಗದ ನೀರು ಮೇ ತಿಂಗಳಲ್ಲಿಯೂ ಇಳಿಯುವುದೇ, ಅಂಗಳದವರೆಗೆ ಲಾರಿ ಬರುವುದೇ ಎಂದು ವಿಚಾರಿಸಿದನು. “ಮನೆಯ ಒಳಗೂ ಒಮ್ಮೆ ನೋಡಬಹುದಿತ್ತು” ಎಂದು ಅಕ್ಕ ಕ್ಷೀಣಸ್ವರದಲ್ಲಿ ಸೂಚಿಸಲಾಗಿ, ಆತನು ಕ್ಷಣಕಾಲ ಚಿಂತಿಸಿ, ಮನೆಯನ್ನು ಕುರಿತ ತನ್ನ ಏಕೈಕ ಪ್ರಶ್ನೆಯನ್ನು ಕೇಳಿದನು: “ಮಳೆಗೆ ತುತ್ತು ಕರಗಿಸಲಿಕ್ಕೆ ಒಳಗೆ ಜಾಗ ಉಂಟಾ?”

ಆದಕಾರಣ ಈ ಮೂರು ತಾಲೂಕುಗಳಲ್ಲಿ ಮನೆ ಮಾರಬಯಸುವ ಮಹನೀಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಸುಣ್ಣಬಣ್ಣಕ್ಕೆಂದು ತೆಗೆದಿಟ್ಟ ಹಣದಲ್ಲಿ ಮೊದಲು ಕೆರೆಯ ಹೂಳೆತ್ತಿಸಿರಿ, ಪತ್ತಾಯವನ್ನು ಇದ್ದಲ್ಲಿಯೇ ಇರಗೊಡಿರಿ.