ಕಡಲಿಲ್ಲದ ಊರಿನ ಕಡಲ ಪಂಡಿತ

ಕರ್ನಾಟಕದ ಕಡಲತೀರ ಸುಮಾರು 320 ಕಿಲೋಮೀಟರ್ ಉದ್ದ. ಅದರಲ್ಲಿ ಚಿತ್ರದುರ್ಗ ಜಿಲ್ಲೆಯ ಪಾಲು ಸೊನ್ನೆ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಮೂರೂ ಸೇರಿ ಅಷ್ಟನ್ನೂ ಹಂಚಿಕೊಂಡು, ಬಯಲುಸೀಮೆಗೆ ಒಂದು ಕಪ್ಪೆಚಿಪ್ಪನ್ನೂ ಉಳಿಸಿಲ್ಲ. ಆದರೂ ದೀಪಾವಳಿ ಕಳೆದು ಕಾರ್ತೀಕದ ಚಳಿ ಮೈಗೆ ಹತ್ತುತ್ತಿದ್ದಂತೆ ಹೊಳಲ್ಕೆರೆಯ ಅಡಿಕೆಯವರು, ಹೊಸದುರ್ಗದ ರಾಗಿಯವರು ಸಮುದ್ರದ ಮಾತಿಗೆ ಕೂರುತ್ತಾರೆ. ಅವರೆಲ್ಲರಿಗಿಂತ ಹೆಚ್ಚು ಮಾತಾಡುವವನು ಈ ಲೇಖಕ. ಈಜು ಬಾರದವನು, ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುವವನು, ಬೆಳಗಿನ ಕಾಫಿಗೆ ಮೊದಲು ಮೊಬೈಲಿನಲ್ಲಿ ಬಂಗಾಳಕೊಲ್ಲಿಯನ್ನು ನೋಡದಿದ್ದರೆ ಆ ದಿನವೆಲ್ಲ ಸಿಡುಕುತ್ತಾನೆ. ಪರದೆಯ ಮೇಲೆ ಹಸಿರು, ಕೆಂಪು ಗೆರೆಗಳು ಸುತ್ತುತ್ತಿರುತ್ತವೆ. ಅವನ ಮುಖ ಅರಳುತ್ತಿರುತ್ತದೆ. "ಗ್ಯಾಸ್ ಮುಗಿದಿದೆ ಅಂತ ಹೇಳಿದ್ದು ಕೇಳಿಸ್ತಾ?" ಎಂದು ಹೆಂಡತಿ ಒಳಗಿನಿಂದ ಕೂಗಿದರೆ, "ಅಂಡಮಾನ್ ಹತ್ರ ಒಂದು ಹುಟ್ಟಿದೆ ಕಣೇ" ಎಂದು ಇವನ ಉತ್ತರ.

ಹುಚ್ಚಿಗೆ ಕಾರಣ ಇಲ್ಲದಿಲ್ಲ. ಮುಂಗಾರು ಘಟ್ಟದ ಆಚೆಯೇ ತನ್ನ ಗಂಟು ಬಿಚ್ಚಿ, ಈಚೆಗೆ ಬರೀ ಗಾಳಿ ಕಳಿಸುತ್ತದೆ. ಆ ಗಾಳಿಗೇನೂ ಕೊರತೆಯಿಲ್ಲ. ದುರ್ಗದ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ, ಜೋಗಿಮಟ್ಟಿಯ ಗಾಳಿ ಏಷ್ಯಾದಲ್ಲೇ ಎರಡನೆಯದು ಎಂದು ಊರವರು ಎದೆಯುಬ್ಬಿಸಿ ಹೇಳುವುದೂ ಉಂಟು. (ಮೊದಲನೆಯದು ಎಲ್ಲಿ ಎಂದು ಕೇಳಿದರೆ ಮಾತು ಬೇರೆ ಕಡೆ ತಿರುಗುತ್ತದೆ.) ಹೀಗಾಗಿ ಮೋಡಕ್ಕಾಗಿ ಪೂರ್ವಕ್ಕೆ ಕತ್ತು ತಿರುಗಿಸಲೇಬೇಕು. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರು ಬಂಗಾಳಕೊಲ್ಲಿಯ ಕೃಪೆ. ದುರ್ಗದಿಂದ ಉಡುಪಿಯ ಕಡಲು ಹಕ್ಕಿ ಹಾರುವ ಲೆಕ್ಕದಲ್ಲಿ ಇನ್ನೂರು ಕಿಲೋಮೀಟರ್, ಚೆನ್ನೈನ ಕಡಲು ಅದರ ಎರಡರಷ್ಟು. ಆದರೆ ಋಣಾನುಬಂಧ ದೂರದವರ ಜೊತೆಗೇ. ವೇದಾವತಿ ಹಗರಿಯಾಗಿ ತುಂಗಭದ್ರೆಗೆ, ಆಮೇಲೆ ಕೃಷ್ಣೆಗೆ ಸೇರಿ ಕೊನೆಗೆ ಮುಟ್ಟುವುದೂ ಅದೇ ಬಂಗಾಳಕೊಲ್ಲಿಯನ್ನು.

ಅಲ್ಲಿಂದ ಅತಿಥಿಗಳಾಗಿ ಬರುವ ಚಂಡಮಾರುತಗಳ ಹೆಸರುಗಳೋ! ಗಜ ಎಂದು ಶ್ರೀಲಂಕಾ ಕರೆದದ್ದು, ನಿವಾರ್ ಎಂದು ಇರಾನ್, ಮಾಂಡೌಸ್ ಎಂದು ಅರಬ್ ಸಂಯುಕ್ತ ಸಂಸ್ಥಾನ. 13 ದೇಶಗಳು ಸೇರಿ 2020ರಲ್ಲಿ 169 ಹೆಸರುಗಳ ಪಟ್ಟಿ ಮಾಡಿಟ್ಟಿವೆ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿತೋ, ನಾಮಕರಣ. ಲೇಖಕನ ಮನೆಯಲ್ಲಿ ನೆಂಟರ ಮಕ್ಕಳ ಹೆಸರು ಮರೆತುಹೋಗುತ್ತವೆ, ಈ ಹೆಸರುಗಳು ಮರೆಯುವುದಿಲ್ಲ.

2024ರ ನವೆಂಬರ್ 30ರ ರಾತ್ರಿ ಸೌದಿ ಅರೇಬಿಯಾ ಹೆಸರಿಟ್ಟ ಫೆಂಗಲ್ ಪುದುಚೇರಿಯ ಹತ್ತಿರ ದಡ ಸೇರಿತು. ಮರುದಿನ ಭಾನುವಾರ. ದುರ್ಗದಲ್ಲಿ ಮೋಡ ಕವಿದು, ಬೀದಿನಾಯಿಗಳೂ ಮುದುರಿ ಮಲಗಿದ್ದವು. ಲೇಖಕ ಮಫ್ಲರ್ ಸುತ್ತಿಕೊಂಡು, ಮನೆಗೆ ಕೊತ್ತಂಬರಿ ಸೊಪ್ಪು ತರುವ ನೆಪದಲ್ಲಿ, ಬಸ್ ನಿಲ್ದಾಣದ ಮುಂದಿನ ರಸ್ತೆಬದಿಗೆ ಬಂದ. ಅವನ ಮನಸ್ಸಿನಲ್ಲಿದ್ದದ್ದು ಬೈಸ್ ಬ್ಯಾಲಟ್ ಎಂಬ ಡಚ್ ವಿಜ್ಞಾನಿ 1857ರಲ್ಲಿ ಹೇಳಿದ ನಿಯಮ: ಭೂಮಿಯ ಉತ್ತರಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ವಾಯುಭಾರ ಕುಸಿತ ನಿಮ್ಮ ಎಡಗೈ ಕಡೆ ಇರುತ್ತದೆ. ಉಪಗ್ರಹ ಬೇಡ, ಮೊಬೈಲ್ ಬೇಡ, ಎಡಗೈ ಒಂದಿದ್ದರೆ ಸಾಕು. ಇದೇ ಪುಣ್ಯಾತ್ಮ 1845ರಲ್ಲಿ ಶಬ್ದದ ಏರಿಳಿತ ಪರೀಕ್ಷಿಸಲು ರೈಲಿನಲ್ಲಿ ಕಹಳೆ ಊದುವವರನ್ನು ಕೂರಿಸಿ ಓಡಿಸಿದ್ದ. ಅವನಿಗಿಲ್ಲದ ನಾಚಿಕೆ ತನಗೇಕೆ ಎಂದುಕೊಂಡು ಲೇಖಕ ನಿಂತೇಬಿಟ್ಟ. ಗಾಳಿ ಈಶಾನ್ಯದಿಂದ ಬರುತ್ತಿತ್ತು. ಬೆನ್ನು ಅತ್ತ, ಮುಖ ಹೊಳಲ್ಕೆರೆಯತ್ತ, ಎಡಗೈ ಚಾಚಿದರೆ ನೇರ ಹಿರಿಯೂರು, ಅದೇ ಗೆರೆಯನ್ನು ಹಿಡಿದು ಹೋದರೆ ಪುದುಚೇರಿ! ನೆಲದ ಉಜ್ಜಾಟಕ್ಕೆ ಗಾಳಿ ಒಂದಿಷ್ಟು ಒಳಮುಖವಾಗಿ ತಿರುಗುತ್ತದೆಂದು ಓದಿದ್ದು ನೆನಪಾಗಿ, ಕೈಯನ್ನು ಗೇಣು ಮುಂದಕ್ಕೆ ಸರಿಸಿದ. ಕಣ್ಣು ಮುಚ್ಚಿದ. ಬಂಗಾಳಕೊಲ್ಲಿ ಬೆರಳ ತುದಿಯಲ್ಲಿತ್ತು.

ಕಣ್ಣು ಬಿಟ್ಟಾಗ ಎದುರಿಗೊಂದು ಆಟೋ. "ಹಿರಿಯೂರಾ ಸಾರ್? ಅಲ್ಲೀತಂಕ ಬರಾಕಿಲ್ಲ, ಬಸ್ಸೇ ನೋಡ್ಕಳಿ." ಲೇಖಕ ತಲೆಯಾಡಿಸಿದ, ಕೈ ಇಳಿಸಲಿಲ್ಲ. ಪ್ರಯೋಗದ ನಡುವೆ ಕೈ ಇಳಿಸಬಾರದು. ಅಷ್ಟರಲ್ಲಿ ಚೀಲ ಹೊತ್ತ ಅಜ್ಜಿಯೊಬ್ಬರು ಬಂದರು.

"ಹಿರಿಯೂರ್ ಬಸ್ಸು ಆ ಕಡೇನೇನಪ್ಪಾ?"

"ಅಲ್ಲಜ್ಜಿ, ಆ ಕಡೆ ಪುದುಚೇರಿ."

"ನಂಗೆ ಹಿರಿಯೂರಿಗೆ ಹೋಗ್ಬೇಕು."

"ಹಿರಿಯೂರು ದಾಟೇ ಹೋಗ್ಬೇಕು ಅಜ್ಜಿ."

ಅಜ್ಜಿಗೆ ಸಮಾಧಾನವಾಯಿತು. ಚೀಲ ಕೆಳಗಿಟ್ಟು ಲೇಖಕನ ಎಡಗೈ ನೆರಳಿನಲ್ಲಿ ಕೂತರು. ಅಜ್ಜಿ ಕೂತದ್ದನ್ನು ಕಂಡು ಗಂಡ ಹೆಂಡತಿ ಇಬ್ಬರು ಅವರ ಹಿಂದೆ ನಿಂತರು. ಅವರ ಹಿಂದೆ ಕಾಲೇಜು ಹುಡುಗನೊಬ್ಬ ಬಂದು, "ಬೆಂಗ್ಳೂರಿಗೂ ಇದೇ ಲೈನಾ?" ಎಂದ. ಹೌದು ಎಂದು ಯಾರೋ ಹೇಳಿದರು, ಲೇಖಕನಲ್ಲ. ಸಾಲು ಬೆಳೆಯಿತು. ನಮ್ಮ ಜನ ಬಸ್ಸಿಗೆ ಸಾಲು ನಿಲ್ಲುವುದಿಲ್ಲ ಎಂದು ದೂರುವವರೆಲ್ಲ ಆ ದೃಶ್ಯ ನೋಡಬೇಕಿತ್ತು: ಒಂದು ಕೈ ಗಟ್ಟಿಯಾಗಿ ಚಾಚಿ ನಿಂತವನಿದ್ದರೆ ಸಾಕು, ಶಿಸ್ತು ತಾನಾಗಿ ಬರುತ್ತದೆ. ತೋಳು ಜೋಮು ಹಿಡಿದಿತ್ತು. ಇಳಿಸಿದರೆ ಇಷ್ಟು ಜನರ ದಿಕ್ಕು ತಪ್ಪುತ್ತದೆ ಎಂಬ ಹೊಣೆ ಬೇರೆ. ಆಗ ಹೊಳಲ್ಕೆರೆ ಕಡೆಯಿಂದ ಬಂದ ಬಸ್ಸೊಂದು ಈ ಕೈಗೆ ಬೆಲೆ ಕೊಟ್ಟು ಗಕ್ಕನೆ ನಿಂತಿತು. ಕಂಡಕ್ಟರು ಬಾಗಿಲಿನಿಂದ ಬಗ್ಗಿ, "ಹತ್ತೋದಾದ್ರೆ ಹತ್ರಿ, ಹಂಗ್ಯಾಕೆ ಕೈ ಚಾಚ್ಕಂಡ್ ನಿಂತೀರಿ?" ಎಂದರು. ಉತ್ತರ ಬಾರದ್ದಕ್ಕೆ ರೈಟ್ ರೈಟ್ ಎಂದರು. ಬಸ್ಸು ಎಬ್ಬಿಸಿದ ಧೂಳುಗಾಳಿ ನೈಋತ್ಯದಿಂದ ಮುಖಕ್ಕೆ ಬಡಿಯಿತು. ನಿಯಮದ ಪ್ರಕಾರ ಆ ಕ್ಷಣಕ್ಕೆ ವಾಯುಭಾರ ಕುಸಿತ ದಾವಣಗೆರೆಗೆ ವರ್ಗವಾಗಿತ್ತು. ಹಿರಿಯೂರಿನ ಬಸ್ಸು ಬೇರೆಲ್ಲೋ ನಿಂತದ್ದು ಕಂಡು ಸಾಲು ಚೆದುರಿ ಓಡಿತು. ಅಜ್ಜಿ ಮಾತ್ರ ಹೋಗುವಾಗ ಕೈಯನ್ನೊಮ್ಮೆ ಮುಟ್ಟಿ, "ಎಣ್ಣೆ ಹಚ್ಕಳಪ್ಪಾ, ವಾಯು ಹಿಡ್ದಿರ್ಬೇಕು" ಎಂದರು. ರೋಗನಿದಾನ ಸರಿಯಾಗಿಯೇ ಇತ್ತು.

ಕೊತ್ತಂಬರಿ ಸೊಪ್ಪು ಮನೆಗೆ ಬರಲಿಲ್ಲ. ಫೆಂಗಲಿನ ಅವಶೇಷ ಒಳನಾಡಿನ ಮೇಲೆ ಹಾದು ಅರಬ್ಬಿ ಸಮುದ್ರಕ್ಕೆ ಇಳಿಯಿತು.

ಹತ್ತಿರದ ಕರಾವಳಿಯ ಚಳಿಗಾಲದ ಕಥೆ ಇನ್ನೂ ಸೊಗಸು. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಪೂರ್ವದ ಒಣಗಾಳಿ ಪ್ರಸ್ಥಭೂಮಿ ದಾಟಿ ಘಟ್ಟ ಇಳಿಯುತ್ತದೆ. ಕೆಳಗಿಳಿಯುವ ಗಾಳಿ ಒತ್ತಿಕೊಂಡು ಕಾಯುತ್ತದೆ, 100 ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿಯಂತೆ. ಚಿತ್ರದುರ್ಗ ಸಮುದ್ರಮಟ್ಟದಿಂದ 730 ಮೀಟರಿನಷ್ಟು ಎತ್ತರ; ಲೆಕ್ಕ ಹಾಕಿಕೊಳ್ಳಿ. ಕಡಲಗಾಳಿಯೂ ತಡವಾದ ದಿನ ಮಂಗಳೂರು, ಹೊನ್ನಾವರಗಳಲ್ಲಿ ಪಾದರಸ 35 ಡಿಗ್ರಿ ದಾಟಿ, ಚಳಿಗಾಲದಲ್ಲಿ ದೇಶದ ಬಯಲಿನಲ್ಲೇ ಅತಿ ಬಿಸಿ ಊರು ಎಂಬ ಪಟ್ಟ ಅವುಗಳಿಗೆ ಸಿಗುವುದುಂಟು. ಮಂಗಳೂರಿಗೆ ಕೊಟ್ಟ ಅಕ್ಕ ಜನವರಿಯಲ್ಲಿ ಫೋನ್ ಮಾಡಿ "ಎಂಥ ಸೆಕೆ ಮಾರಾಯ" ಎಂದಾಗ ಲೇಖಕ ರಗ್ಗಿನೊಳಗಿಂದಲೇ, "ಅದು ನಮ್ಮೂರಿನ ಗಾಳಿ ಅಕ್ಕಾ, ತವರಿನದು" ಎಂದ. "ಹೌದಾ? ಹಾಗಾದ್ರೆ ಬಂದು ವಾಪಸ್ ತಗೊಂಡು ಹೋಗು" ಎಂದು ಅಕ್ಕ ಫೋನಿಟ್ಟಳು.

ನಗು ನಿಲ್ಲುವ ಜಾಗವೂ ಒಂದಿದೆ. ಟೀವಿಯವರಿಗೆ ಚಂಡಮಾರುತವೆಂದರೆ ಕೆಂಪು ಅಕ್ಷರ, ಸಿಡಿಲಿನ ಸದ್ದು, ಮೊಣಕಾಲುದ್ದ ನೀರಿನಲ್ಲಿ ನಿಂತ ವರದಿಗಾರ. ಅದೂ ಚೆನ್ನೈ ಅಥವಾ ಬೆಂಗಳೂರು ಮಾತ್ರ. ಹೊಸದುರ್ಗದ ಹೊಲದಲ್ಲಿ ಕೊಯ್ಲಿಗೆ ಬಂದ ರಾಗಿ ಆ ಪರದೆಗೆ ಬರುವುದಿಲ್ಲ. 2021ರ ನವೆಂಬರಿನಲ್ಲಿ ದಕ್ಷಿಣ ಒಳನಾಡಿನ ಉದ್ದಕ್ಕೂ ಹಿಡಿದ ಮಳೆಗೆ ರಾಗಿ ನೆಲಕ್ಕೆ ಮಲಗಿ ತೆನೆಯಲ್ಲೇ ಮೊಳಕೆಯೊಡೆಯಿತು. ವರ್ಷದ ಮುದ್ದೆ ಕಣ್ಣೆದುರೇ ಕಪ್ಪಾಗುವುದನ್ನು ನೋಡಿದವನಿಗೆ ಕೆಂಪು ಅಕ್ಷರ ಬೇಕಾಗಿಲ್ಲ. ಅದೇ ಮಳೆ ಕಡಲೆ ಬಿತ್ತಿದ ಪಕ್ಕದ ಹೊಲದವನಿಗೆ ಅಮೃತ. ಒಂದೇ ಬದುವಿನ ಎರಡೂ ಕಡೆಯಿಂದ ಎರಡು ಬೇರೆ ಹರಕೆ ಹೊತ್ತರೆ ದೇವರಾದರೂ ಏನು ಮಾಡಿಯಾನು?

ಹಿರಿಯೂರಿನವರ ಹರಕೆ ಮೂರನೆಯದು, ವಾಣಿವಿಲಾಸ ಸಾಗರದ 130 ಅಡಿ. 1907ರಲ್ಲಿ ಮುಗಿದ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ತುಂಬಿ ಹರಿಯಲು 2022ರವರೆಗೆ ಕಾಯಿತು. ಮುಂದಿನ ಕೋಡಿ 2025ರ ಜನವರಿಯಲ್ಲೇ, ಭದ್ರೆಯ ನೀರಿನ ನೆರವೂ ಸೇರಿ. ಜನ ಸ್ವೆಟರ್ ಹಾಕಿಕೊಂಡು ಕೋಡಿ ನೋಡಲು ಹೋದರು.

ಈಗ ಲೇಖಕನ ಹೊಸ ಗೀಳು ಶಾಂತಸಾಗರ. ಅಲ್ಲಿ ಹುಟ್ಟಿ ಇಲ್ಲಿ ಮುಂಗಾರನ್ನು ಕೆಡಿಸುವ ಎಲ್ ನಿನೊ ಹಿಂಗಾರಿಗೆ ಸಾಮಾನ್ಯವಾಗಿ ಒಳ್ಳೆಯದು, ಚೆನ್ನೈ ಮುಳುಗಿದ 2015 ಅಂಥದ್ದೇ ವರ್ಷ. ಲಾ ನಿನಾ ಆದರೆ ಇದರ ತಿರುಗುಮುರುಗು. ಮೊನ್ನೆ ಹೊಳಲ್ಕೆರೆ ರಸ್ತೆಯಲ್ಲಿ ಮೆಕ್ಕೆಜೋಳ ಹರವಿಕೊಂಡಿದ್ದ ರೈತರೊಬ್ಬರು, "ಮಳೆ ಬರ್ತದಾ ಸ್ವಾಮಿ, ಟಾರ್ಪಾಲು ಎಳೀಲಾ?" ಎಂದು ಕೇಳಿದ್ದೇ ತಡ, ಇವನು ಪೆರು ದೇಶದ ಕರಾವಳಿಯಿಂದ ಶುರುಮಾಡಿದ. ಇಂಡೋನೇಷ್ಯಾ ತಲುಪುವ ಹೊತ್ತಿಗೆ ಮೊದಲ ಹನಿ ಬಿತ್ತು.

"ಅದ್ನೆಲ್ಲ ಆಮ್ಯಾಕೆ ಹೇಳೀರಂತೆ," ಎಂದರು ರೈತರು, "ಮೊದ್ಲು ಆ ತುದಿ ಹಿಡ್ಕಳಿ."