ಲೈ, ಲೇ ಮತ್ತು ಬೆಳ್ಳುಳ್ಳಿ ಎಸಳು

ನಮ್ಮ ಪಾಸ್‌ಪೋರ್ಟಿನಲ್ಲಿ ರಾಷ್ಟ್ರಪತಿಗಳ ಹೆಸರಿನಲ್ಲಿ ಒಂದು ಕೋರಿಕೆ ಅಚ್ಚಾಗಿರುತ್ತದೆ. ಫೋಟೋದಲ್ಲಿ ಯಾಕಿಷ್ಟು ಕಳ್ಳನ ಹಾಗೆ ಕಾಣುತ್ತಿದ್ದೇನೆ ಎಂದು ಕೊರಗುವುದರಲ್ಲೇ ಹೊತ್ತು ಹೋಗುವುದರಿಂದ ಅದನ್ನು ಓದುವವರು ಕಡಿಮೆ. ವಿಮಾನ ನಿಲ್ದಾಣದ ಉದ್ದನೆಯ ಸಾಲಿನಲ್ಲಿ ನಿಂತಿದ್ದು, ಮೊಬೈಲಿನ ಚಾರ್ಜೂ ಮುಗಿದಿದ್ದರೆ ಓದಬಹುದು. ಈ ಪುಸ್ತಕ ಹಿಡಿದು ಬಂದವರನ್ನು ‘ಲೆಟ್’ ಆಗಲಿ ‘ಹಿಂಡ್ರೆನ್ಸ್’ ಆಗಲಿ ಇಲ್ಲದೆ ಹೋಗಗೊಡಿ ಎಂಬುದು ಅದರ ತಾತ್ಪರ್ಯ. ಹಿಂಡ್ರೆನ್ಸ್ ಎಂದರೆ ಅಡ್ಡಿ, ಸರಿ. ಆದರೆ ಲೆಟ್ ಎಂದರೆ ಬಿಡು ಎಂದಲ್ಲವೇ ಮೇಷ್ಟ್ರು ಹೇಳಿಕೊಟ್ಟದ್ದು? ಬಿಡಲೂ ಕೂಡದು, ತಡೆಯಲೂ ಕೂಡದು ಎಂದರೆ ಗಾಜಿನಾಚೆ ಕೂತ ಅಧಿಕಾರಿ ಪಾಪ, ಏನು ಮಾಡಬೇಕು?

ಲೆಟ್‌ಗಳು ಎರಡಿವೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಲ್ಯಾಟನ್’ ಎಂದರೆ ಬಿಡುವುದು, ‘ಲೆಟ್ಟನ್’ ಎಂದರೆ ತಡೆಯುವುದು. ಎರಡನೆಯದರ ಹೊಟ್ಟೆಯಲ್ಲಿರುವುದು ನಾವು ದಿನಾ ಬಳಸುವ ‘ಲೇಟ್’. ತಡಮಾಡಿಸುವುದೇ ತಡೆಯುವುದು. ಕೊನೆಯ ಪ್ರತ್ಯಯಗಳು ಉದುರಿ, ಸ್ವರಗಳು ಸವೆದು, ಎರಡೂ ‘ಲೆಟ್’ ಎಂದೇ ನಿಂತವು. ತಡೆಯುವ ಲೆಟ್ ಷೇಕ್ಸ್‌ಪಿಯರನ ಕಾಲದಲ್ಲಿ ಇನ್ನೂ ಗಟ್ಟಿಮುಟ್ಟಾಗಿತ್ತು. ತಂದೆಯ ಪ್ರೇತದ ಹಿಂದೆ ಹೊರಟ ಹ್ಯಾಮ್ಲೆಟ್, ಹಿಡಿದು ನಿಲ್ಲಿಸಿದ ಗೆಳೆಯರಿಗೆ, ನನ್ನನ್ನು ‘ಲೆಟ್’ ಮಾಡಿದವನನ್ನೂ ಪ್ರೇತ ಮಾಡಿಬಿಡುತ್ತೇನೆ ಎಂದು ಗದರುತ್ತಾನೆ. ಟಿಪ್ಪಣಿ ನೋಡದೆ ಓದಿದ ಬಿ.ಎ. ವಿದ್ಯಾರ್ಥಿಗೆ, ಕೈಬಿಟ್ಟವರನ್ನೇ ಕೊಲ್ಲಹೊರಟ ಈ ರಾಜಕುಮಾರನ ಹುಚ್ಚು ನಟನೆಯದಲ್ಲ, ಅಸಲಿಯೇ ಎಂದು ಖಾತ್ರಿಯಾಗುತ್ತದೆ. ಈಗ ಆ ಲೆಟ್ ಬದುಕಿರುವುದು ಕಾನೂನಿನ ಮಾತಿನಲ್ಲಿ ಮತ್ತು ಟೆನಿಸ್‌ನಂಥ ಆಟಗಳ ಅಂಗಳದಲ್ಲಿ. ಸರ್ವ್ ಮಾಡಿದ ಚೆಂಡು ನೆಟ್ಟಿಗೆ ತಾಗಿ ಆಚೆ ಬಿದ್ದಾಗ ಅಂಪೈರ್ ‘ಲೆಟ್’ ಎನ್ನುವುದು ‘ಹೋಗಲಿ ಬಿಡಿ’ ಎಂಬ ಔದಾರ್ಯದಿಂದಲ್ಲ, ಆಟಕ್ಕೆ ತಡೆ ಬಂತೆಂದು.

ಲೆಟ್ ನಮ್ಮನ್ನು ಅಷ್ಟೇನೂ ಕಾಡಲಿಲ್ಲ. ಕಾಡಿದ್ದು ಲೈ ಮತ್ತು ಲೇ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಂಥವರು ಮಗ್ಗಿಯ ರಾಗದಲ್ಲೇ ಕ್ರಿಯಾಪದಗಳನ್ನೂ ಉರುಹೊಡೆದವರು. ಗೋ-ವೆಂಟ್-ಗಾನ್, ಕಮ್-ಕೇಮ್-ಕಮ್ ಎಂದು ಸಲೀಸಾಗಿ ಸಾಗುತ್ತಿದ್ದ ಗಾಡಿ ಇಲ್ಲಿಗೆ ಬಂದಾಗ ಮುಗ್ಗರಿಸುತ್ತಿತ್ತು. ಮಲಗುವುದು ಲೈ, ಅದರ ಭೂತಕಾಲ ಲೇ. ಇಡುವುದು ಲೇ, ಅದರ ಭೂತಕಾಲ ಲೇಯ್ಡ್. ಸುಳ್ಳು ಹೇಳುವುದೂ ಲೈ, ಅದರ ಭೂತಕಾಲ ಲೈಡ್. ಮೊಟ್ಟೆ ಇಡುವ ಕೋಳಿ ‘ಲೇ’, ಕಾವಿಗೆ ಕೂರದೆ ಮೂಲೆಯಲ್ಲಿ ಮಲಗಿದ ಕೋಳಿ ‘ಲೈ’, ನಿನ್ನೆ ಮಲಗಿದ್ದರೆ ಮತ್ತೆ ‘ಲೇ’. ಮಲೆನಾಡಿನಲ್ಲಿ ಗೆಳೆಯನನ್ನು ‘ಲೇ’ ಎಂದು ಕೂಗುವುದನ್ನೂ ಲೆಕ್ಕಕ್ಕೆ ಹಿಡಿದರೆ ಗೋಜಲು ಇನ್ನೂ ಒಂದು ಸುತ್ತು ಹೆಚ್ಚು. ಭಾರತದ ಶಾಲೆಗಳಿಗೆಲ್ಲ ಈ ನಿಯಮಗಳನ್ನು ಉಣಬಡಿಸಿದ ವ್ಯಾಕರಣ ಪುಸ್ತಕದ ಜೋಡಿ ರೆನ್ ಮತ್ತು ಮಾರ್ಟಿನ್. ಬ್ರಿಟಿಷ್ ಇಂಡಿಯಾದ ಶಿಕ್ಷಣ ಇಲಾಖೆಯಲ್ಲಿದ್ದ ಈ ಪಿ.ಸಿ. ರೆನ್, 1924ರಲ್ಲಿ ‘ಬೋ ಜೆಸ್ಟ್’ ಎಂಬ ಮರುಭೂಮಿಯ ಸಾಹಸ ಕಾದಂಬರಿ ಬರೆದು ಲೋಕಪ್ರಸಿದ್ಧನಾದವನು. ಅವನ ಕಾದಂಬರಿಯಲ್ಲಿ ಸೈನಿಕರಿಗೆ ಕೊಟ್ಟ ಶಿಕ್ಷೆಗಿಂತ ವ್ಯಾಕರಣದಲ್ಲಿ ನಮಗೆ ಕೊಟ್ಟ ಶಿಕ್ಷೆ ಹೆಚ್ಚಿನದು ಎಂಬುದು ನನ್ನ ಅಭಿಪ್ರಾಯ. ಏಟು ತಿಂದ ಎಲ್ಲರಿಗೂ ಒಂದು ಸಮಾಧಾನವಿದೆ. ಸಾಕ್ಷಾತ್ ಬೈರನ್ ಕವಿ, 1818ರಲ್ಲಿ ಬಂದ ‘ಚೈಲ್ಡ್ ಹೆರಾಲ್ಡ್’ ಕಾವ್ಯದ ನಾಲ್ಕನೆಯ ಭಾಗದಲ್ಲಿ, ಲೈ ಬರಬೇಕಾದ ಕಡೆ ಪ್ರಾಸಕ್ಕಾಗಿ ಲೇ ಬಳಸಿದ್ದಾನೆ. ಅವನನ್ನು ಯಾರೂ ಬೆಂಚಿನ ಮೇಲೆ ನಿಲ್ಲಿಸಲಿಲ್ಲ.

ಈ ಗೋಜಲಿನ ಮೂಲ ಕನ್ನಡಿಗರಿಗೆ ಒಂದೇ ಉಸಿರಿಗೆ ಅರ್ಥವಾಗುವಂಥದ್ದು. ನಮ್ಮಲ್ಲಿ ಕುಡಿ, ಕುಡಿಸು, ಮಲಗು, ಮಲಗಿಸು, ಬೀಳು, ಬೀಳಿಸು. ‘ಇಸು’ ಹಚ್ಚಿದರೆ ಕೆಲಸ ಮುಗಿಯಿತು. ಇಂಗ್ಲಿಷಿನ ಪೂರ್ವಜರಿಗೂ ಇಂಥದೇ ಒಂದು ಪ್ರತ್ಯಯವಿತ್ತು, ‘ಯನ್’. ಲೈಗೆ ಅದು ಹತ್ತಿ ಲೇ ಆಯಿತು, ಅಂದರೆ ಮಲಗಿಸು. ಸಿಟ್‌ಗೆ ಹತ್ತಿ ಸೆಟ್, ಕೂರಿಸು. ಫಾಲ್‌ಗೆ ಹತ್ತಿ ಫೆಲ್, ಬೀಳಿಸು. ಮರ ಕಡಿದು ಉರುಳಿಸುವುದಕ್ಕೆ ಇಂದಿಗೂ ಅದೇ ಮಾತು. ಆದರೆ ಈ ‘ಯ’ ಸುಮ್ಮನಿರುವ ಜಾತಿಯದಲ್ಲ. ತನ್ನ ಹಿಂದಿನ ‘ಅ’ಕಾರವನ್ನು ‘ಎ’ಕಾರ ಮಾಡಿ, ಆಮೇಲೆ ತಾನು ಸದ್ದಿಲ್ಲದೆ ಕಳಚಿಕೊಂಡಿತು. ಬಿಳಿ ಅಂಗಿಯ ಮೇಲಿನ ಅರಿಸಿನದ ಕಲೆಯಂತೆ ಬಣ್ಣ ಮಾತ್ರ ಉಳಿಯಿತು, ಊಟ ಮುಗಿದುಹೋಗಿತ್ತು. ‘ಇಸು’ ಇದ್ದ ಜಾಗವೇ ಕಾಣದಿರುವುದರಿಂದ ಇಂಗ್ಲಿಷಿನವರು ಸ್ವರ ನೋಡಿಕೊಂಡೇ ಗುರುತು ಹಿಡಿಯಬೇಕು. ಅವರ ಮಕ್ಕಳಿಗೂ ಇದು ಕಷ್ಟವೇ ಎಂದು ಕೇಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

‘ಡ್ರಿಂಕ್’ಗೂ ‘ಡ್ರೆಂಚ್’ಗೂ ಇರುವ ನಂಟು ಇದೇ. ಡ್ರೆಂಚ್ ಎಂದರೆ ಕುಡಿಸು. ಮಳೆಯಲ್ಲಿ ತೊಪ್ಪೆಯಾಗುವ ಅರ್ಥ ಆಮೇಲೆ ಬಂದದ್ದು. ದನಕ್ಕೆ ಬಾಯಿಯ ಮೂಲಕ ಔಷಧಿ ಹುಯ್ಯುವುದಕ್ಕೆ ಇಂಗ್ಲಿಷ್ ಪಶುವೈದ್ಯರು ಇಂದಿಗೂ ಡ್ರೆಂಚ್ ಎಂದೇ ಹೇಳುತ್ತಾರೆ. ನಮ್ಮ ಹಳ್ಳಿಯ ಕೊಟ್ಟಿಗೆಯಲ್ಲಿ ಇದಕ್ಕೆಂದೇ ಓರೆಯಾಗಿ ಕತ್ತರಿಸಿದ ಬಿದಿರಿನ ಗೊಟ್ಟ ಇರುತ್ತಿತ್ತು. ಒಬ್ಬ ಎತ್ತಿನ ಮೂಗುದಾರ ಎತ್ತಿ ಹಿಡಿಯಬೇಕು, ಇನ್ನೊಬ್ಬ ಗೊಟ್ಟವನ್ನು ಕಟವಾಯಿಯೊಳಗೆ ತೂರಿಸಿ ಕಷಾಯ ಸುರಿಯಬೇಕು. ಎತ್ತು ಒಮ್ಮೆ ತಲೆ ಕೊಡವಿತೆಂದರೆ ಡ್ರೆಂಚ್‌ನ ಹಳೆಯ ಅರ್ಥ ಎತ್ತಿಗೆ, ಹೊಸ ಅರ್ಥ ನಮಗೆ.

ನಮ್ಮ ‘ಇಸು’ವಿಗೂ ಅವರ ‘ಯನ್’ಗೂ ರಕ್ತಸಂಬಂಧವಿಲ್ಲ, ಹೋಲಿಕೆ ಬರಿಯ ಕೆಲಸದ್ದು. ಸಂಬಂಧ ಇರುವುದು ಸಂಸ್ಕೃತದ ಜೊತೆಗೆ. ಪಾಣಿನಿ ‘ಣಿಚ್’ ಎಂದು ಕರೆದ ಪ್ರತ್ಯಯವಿದೆಯಲ್ಲ, ಪತತಿಯನ್ನು ಪಾತಯತಿ ಮಾಡುವಂಥದ್ದು, ಅದೂ ‘ಯನ್’ನೂ ಒಂದೇ ಬುಡದವು. ಸಿಟ್ ಮತ್ತು ‘ಸದ್’ ಧಾತು ಕೂಡ ಹಾಗೆಯೇ. ಉಪನಿಷತ್ತಿನಲ್ಲಿ ಕೂತಿರುವುದು ಆ ಧಾತುವೇ, ಸಂಸತ್ತಿನಲ್ಲಿ ಕೂತಿರುವುದೂ ಅದೇ. ಒಟ್ಟಿಗೆ ಕೂರುವ ಜಾಗವೇ ಸಂಸತ್ತು. ಸಭಾಧ್ಯಕ್ಷರು ದಿನವಿಡೀ ಕೂತುಕೊಳ್ಳಿ, ಕೂತುಕೊಳ್ಳಿ ಎಂದು ಗಂಟಲು ಹರಿದುಕೊಳ್ಳುವುದು ಧಾತ್ವರ್ಥವನ್ನು ಉಳಿಸಿಕೊಳ್ಳಲೆಂದೇ ಇರಬೇಕು.

ಗಂಟಲು ಹರಿಯುವುದು ಎಂದೆ. ನದಿಯೂ ಹರಿಯುತ್ತದೆ, ಪಂಚೆಯೂ ಹರಿಯುತ್ತದೆ. ಹಳಗನ್ನಡದಲ್ಲಿ ನದಿಯದು ‘ಪರಿ’, ಪಂಚೆಯದು ‘ಪಱಿ’. ಶಕಟರೇಫ ಬಿದ್ದುಹೋದ ಮೇಲೆ ಎರಡೂ ಒಂದಾದವು. ಇಂಗ್ಲಿಷಿನಲ್ಲಿ ಇಂಥ ಕಲಸುಮೇಲೋಗರದ ಪರಮಾವಧಿ ‘ಕ್ಲೀವ್’. ಸೀಳುವುದಕ್ಕೆ ‘ಕ್ಲೇಯೊವನ್’ ಎಂದೂ ಅಂಟಿಕೊಳ್ಳುವುದಕ್ಕೆ ‘ಕ್ಲಿವಿಯನ್’ ಎಂದೂ ಇದ್ದ ಎರಡು ಮಾತುಗಳು ಸವೆದು ಒಂದೇ ಆದವು. ಕೂಡುವುದೂ ಅದೇ, ಕಡಿಯುವುದೂ ಅದೇ! 1611ರ ಇಂಗ್ಲಿಷ್ ಬೈಬಲಿನ ಆದಿಕಾಂಡದಲ್ಲಿ ಗಂಡನಾದವನು ತಂದೆತಾಯಿಯನ್ನು ಬಿಟ್ಟು ಹೆಂಡತಿಯನ್ನು ‘ಕ್ಲೀವ್’ ಮಾಡಬೇಕು. ಅದೇ ಆದಿಕಾಂಡದಲ್ಲಿ ಮುಂದೆ ಅಬ್ರಹಾಮ ಹೋಮದ ಸೌದೆಯನ್ನೂ ‘ಕ್ಲೀವ್’ ಮಾಡುತ್ತಾನೆ. ಎರಡನ್ನೂ ಅದಲುಬದಲು ಮಾಡಿಕೊಳ್ಳದ ಇಂಗ್ಲಿಷ್ ಗಂಡಂದಿರ ಭಾಷಾಜ್ಞಾನ ದೊಡ್ಡದು.

ಅಂಟುವ ಕ್ಲೀವ್‌ನ ಬಳಗದಲ್ಲಿ ಜೇಡಿಮಣ್ಣಿನ ‘ಕ್ಲೇ’ ಇದೆ. ಸೀಳುವ ಕ್ಲೀವ್‌ಗೆ ಗ್ರೀಕಿನ ಕೆತ್ತುವ ಮಾತು ದಾಯಾದಿಯಾದ್ದರಿಂದ, ಕಟುಕನ ಮಚ್ಚು ‘ಕ್ಲೀವರ್’ಗೂ ಈಜಿಪ್ಟಿನ ಚಿತ್ರಲಿಪಿ ‘ಹೈರೋಗ್ಲಿಫ್’ಗೂ ನಂಟು. ಬೆಳ್ಳುಳ್ಳಿಯ ಎಸಳನ್ನು ‘ಕ್ಲೋವ್’ ಎನ್ನುವುದೂ ಸೀಳಿಕೊಂಡು ಬರುತ್ತದೆ ಎಂತಲೇ. ಆದರೆ ಲವಂಗದ ಕ್ಲೋವ್ ಬೇರೆ ಊರಿನದು: ಫ್ರೆಂಚಿನಲ್ಲಿ ಮೊಳೆಗೆ ‘ಕ್ಲೂ’, ಲವಂಗ ಮೊಳೆಯ ಆಕಾರದ್ದು. ಯೂಟ್ಯೂಬಿನಲ್ಲಿ ಇಂಗ್ಲಿಷ್ ಅಡುಗೆ ನೋಡಿ ಎಂಟು ಕ್ಲೋವ್ ಎಂದದ್ದಕ್ಕೆ ಎಂಟು ಲವಂಗ ಕುಟ್ಟಿ ಹಾಕಿದರೆ ಮನೆಯೆಲ್ಲ ಹಲ್ಲಿನ ಡಾಕ್ಟರ ಶಾಪಿನ ವಾಸನೆ.

ಹರಾಜಿನ ‘ಬಿಡ್’ ಕೂಡ ಜೋಡಿಯೇ. ಬೇಡುವ ‘ಬಿಡ್ಡನ್’ ಮತ್ತು ಸಾರಿ ಹೇಳುವ, ಮುಂದೊಡ್ಡುವ ‘ಬೇಯೊಡನ್’ ಬೆರೆತು ಆದದ್ದು. ಬೇಡುವ ಬಿಡ್‌ನಿಂದ ಪ್ರಾರ್ಥನೆಗೆ ‘ಬೀಡ್’ ಎಂಬ ಹೆಸರಾಯಿತು. ಪ್ರಾರ್ಥನೆಯನ್ನು ಮಣಿ ಎಣಿಸಿ ಮಾಡುತ್ತಿದ್ದರಿಂದ ಹೆಸರು ಜಾರಿ ಮಣಿಗೇ ಅಂಟಿತು. ಇನ್ನೊಂದು ಬಿಡ್ ಎಚ್ಚರ, ಅರಿವು ಎಂಬ ಅರ್ಥದ ಪುರಾತನ ಧಾತುವಿನದು, ಸಂಸ್ಕೃತದ ‘ಬುಧ್’, ಬೋಧೆ, ಬುದ್ಧ ಎಲ್ಲ ಅಲ್ಲಿಯವೇ. 2022ರ ಫೆಬ್ರವರಿಯಲ್ಲಿ ಬೆಂಗಳೂರಿನ ಹೋಟೆಲಿನಲ್ಲಿ ಎರಡು ದಿನ ಐಪಿಎಲ್ ಹರಾಜು ನಡೆದು ಕೋಟಿ ಕೋಟಿ ‘ಬಿಡ್’ ಕೂಗಿದರಲ್ಲ, ರಾಜ್ಯವನ್ನೇ ಬಿಟ್ಟು ಹೋದ ಮಹಾನುಭಾವನಿಗೆ ಅಲ್ಲೊಂದು ದೂರದ ಸಂಬಂಧವಿತ್ತು.

ನನಗೆ ಬಹಳ ಹಿಡಿಸಿದ ಜೋಡಿ ಮಾತ್ರ ‘ಥಿಂಕ್’. ಮೊದಲು ‘ಥೆಂಚನ್’ ಎಂದರೆ ಯೋಚಿಸುವುದು, ‘ಥ್ಯುಂಚನ್’ ಎಂದರೆ ಅನ್ನಿಸುವುದು. ಅನ್ನಿಸುವುದಕ್ಕೆ ಕರ್ತೃ ಬೇಕಿರಲಿಲ್ಲ. ನಮ್ಮಂತೆಯೇ ಚತುರ್ಥಿ ಹಾಕಿ ‘ನನಗನ್ನಿಸುತ್ತದೆ’ ಎಂದೇ ಅವರೂ ಹೇಳುತ್ತಿದ್ದರು. ಹಳೆಯ ನಾಟಕಗಳಲ್ಲಿ ಬರುವ ‘ಮೀಥಿಂಕ್ಸ್’ ಅದೇ, ಅಲ್ಲಿಯ ‘ಮೀ’ ಎಂದರೆ ನನಗೆ. ಎರಡೂ ಒಂದಾದ ಮೇಲೆ ಅನ್ನಿಸಿದ್ದನ್ನೂ ಯೋಚಿಸಿದ್ದೆಂದು ಲೆಕ್ಕಕ್ಕೆ ಬರೆದುಕೊಳ್ಳುವುದು ಸುಲಭವಾಯಿತು. ನಮ್ಮ ಟೀವಿ ಚರ್ಚೆಗಳಲ್ಲಿ ಅಪ್ಪಟ ಕನ್ನಡಿಗರೂ ಪ್ರತಿ ವಾಕ್ಯಕ್ಕೂ ‘ಐ ಥಿಂಕ್’ ಹಚ್ಚಿಯೇ ಶುರು ಮಾಡುತ್ತಾರೆ. ಕೇಳುತ್ತ ಕೂತರೆ ಬಹುಪಾಲು ಬರಿಯ ಥ್ಯುಂಚನ್ ಎಂದು ನನಗನ್ನಿಸುತ್ತದೆ.