ಮೆಂಟರಣ್ಣ ಬಂದವ್ರೆ

ಬೆಂಗಳೂರಿನಿಂದ ಬರುವ ಮೆಂಟರಣ್ಣ ತುಮಕೂರಿಗೆ ಸೀದಾ ಬರುವುದಿಲ್ಲ, ಕ್ಯಾತ್ಸಂದ್ರದಲ್ಲಿ ಇಳಿದು ಬರುತ್ತಾನೆ. ಹತ್ತು ಗಂಟೆಗೆ ಕಾರ್ಯಕ್ರಮ. ಹತ್ತಕ್ಕೆ ಐದು ನಿಮಿಷ ಇರುವಾಗ ತಟ್ಟೆ ಇಡ್ಲಿ ಮುಂದೆ ಕೂತು, ಬೆಣ್ಣೆ ಕರಗುವುದರೊಳಗೆ ಫೋಟೊ ಹೊಡೆದು, ಊರಿನ ಋಣದ ಬಗ್ಗೆ ಲಿಂಕ್ಡ್‌ಇನ್‌ನಲ್ಲಿ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಹಾಕುತ್ತಾನೆ. ಆಮೇಲೆ ಕಾಲೇಜಿಗೆ ಫೋನು: 'ಸರ್, ಸಿಕ್ಕಾಪಟ್ಟೆ ಟ್ರಾಫಿಕ್ಕು.'

ತುಮಕೂರಿಗೆ ಇಂಥ ಅಣ್ಣಂದಿರ ಬರ ಇಲ್ಲ. ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1963ರಲ್ಲಿ, ಸಿದ್ಧಾರ್ಥ 1979ರಲ್ಲಿ, ಗುಬ್ಬಿಯ ಚನ್ನಬಸವೇಶ್ವರ 2001ರಲ್ಲಿ. ಅಲ್ಲಿಂದೀಚೆಗೆ ಈ ಜಿಲ್ಲೆ ಕೊಬ್ಬರಿ ಜೊತೆಗೆ ಇಂಜಿನಿಯರುಗಳನ್ನೂ ಲೋಡುಗಟ್ಟಲೆ ಹೊರಗೆ ಕಳಿಸುತ್ತಿದೆ. ತಿಪಟೂರಿನಿಂದ ಉತ್ತರಕ್ಕೆ ಹೋದ ಕೊಬ್ಬರಿ ವಾಪಸ್ ಬಂದ ಉದಾಹರಣೆ ಇಲ್ಲ. ಇಂಜಿನಿಯರು ಬರುತ್ತಾನೆ, ಪಿಪಿಟಿ ಹಿಡಿದುಕೊಂಡು.

ಹಾಗಂತ ತಾನಾಗಿ ಬಂದವನೇನಲ್ಲ, ಕರೆಸುತ್ತಾರೆ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನ ಐದನೇ ಮಾನದಂಡದಲ್ಲಿ ಹಳೆಯ ವಿದ್ಯಾರ್ಥಿಗಳು ಕಾಲೇಜಿಗೆ ಏನು ಮಾಡಿದರು ಎಂದು ಕೇಳುವ ಜಾಗವೊಂದಿದೆ. ಹಣ ಕೊಟ್ಟಿದ್ದರೆ ಅದನ್ನೇ ಬರೆಯಬಹುದು. ಕೊಡದಿದ್ದರೆ ಭಾಷಣ ಮಾಡಿಸಿ ಅಕ್ಷಾಂಶ ರೇಖಾಂಶ ಬರುವ ಹಾಗೆ ಫೋಟೊ ತೆಗೆಯಬೇಕು. ಆದ್ದರಿಂದ ಮೆಂಟರಣ್ಣ ಬಾಯಿ ತೆರೆಯುವ ಮೊದಲೇ ಅವನ ಅರ್ಧ ಕೆಲಸ ಮುಗಿದಿರುತ್ತದೆ: ಬ್ಯಾನರು, ಹಾರ, ಮೈಸೂರು ಪೇಟ, 13.3 ಡಿಗ್ರಿ ಉತ್ತರ, 77.1 ಡಿಗ್ರಿ ಪೂರ್ವ. ಹಿಂದಿನ ಬೆಂಚುಗಳು ಖಾಲಿ ಕಾಣಬಾರದೆಂದು ಮೆಕ್ಯಾನಿಕಲ್‌ನ ಮೂರನೇ ಸೆಮಿಸ್ಟರಿನವರನ್ನು ಲ್ಯಾಬಿನಿಂದ ಎಬ್ಬಿಸಿ ತಂದು ಕೂರಿಸಿರುತ್ತಾರೆ.

ಶನಿವಾರವೂ ಕೊರಳಲ್ಲಿ ಕಂಪನಿಯ ಐಡಿ ಕಾರ್ಡು. ಮೊದಲ ಸ್ಲೈಡಿನಲ್ಲಿ ನ್ಯೂಜೆರ್ಸಿಯ ಹಿಮದ ನಡುವೆ ಕೈಗವಸು ತೊಟ್ಟು ನಿಂತ ಅವನದೇ ಫೋಟೊ. ಅಲ್ಲಿ ಇದ್ದದ್ದು ಆರು ವಾರ, ಆದರೆ ಆ ಫೋಟೊ ಹತ್ತು ವರ್ಷದಿಂದ ದುಡಿಯುತ್ತಿದೆ. ಎರಡನೇ ಸ್ಲೈಡಿನಿಂದ ಕಥೆ: ತಾನು ಗುಬ್ಬಿಯ ಸರ್ಕಾರಿ ಶಾಲೆಯಲ್ಲಿ ಓದಿದ್ದು, ಗುರಿ ಇಟ್ಟುಕೊಂಡದ್ದು, ರಿಸ್ಕ್ ತಗೊಂಡದ್ದು, ಕಂಫರ್ಟ್ ಝೋನು ಬಿಟ್ಟದ್ದು. ಅವನ ಬ್ಯಾಚಿನವರನ್ನು ಕೇಳಿದರೆ ಕಥೆ ಬೇರೆ. 2006ರಲ್ಲಿ ಕಂಪನಿಯವರು ಬಂದು ತಲೆ ಎಣಿಸಿ ಕರೆದುಕೊಂಡು ಹೋಗುತ್ತಿದ್ದ ಕಾಲ. ಇವನು ಓದಿದ್ದು ಇ ಅಂಡ್ ಸಿ. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ, 'ಬೆಂಗಳೂರಿಗೆ ಬರ್ತೀಯಾ?' ಬರ್ತೀನಿ ಅಂದ. ಅಷ್ಟೇ ರಿಸ್ಕು. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ಮಳೆ ಬಂದಾಗ ಬಿತ್ತಿದವನಿಗೆ ಬೆಳೆ ಬಂತು. ಆದರೆ ಮಳೆಯನ್ನೂ ತಾನೇ ತರಿಸಿದೆ ಅನ್ನುವುದಿದೆಯಲ್ಲ, ಅಲ್ಲಿ ಮೆಂಟರಣ್ಣ ಹುಟ್ಟುತ್ತಾನೆ.

(ಇದೇ ಬ್ಯಾಚಿನಲ್ಲಿ ಇನ್ನೊಂದು ಜಾತಿ ಇದೆ: ತುಮಕೂರಿನಲ್ಲೇ ಮನೆ ಮಾಡಿ, ಸೀಸನ್ ಪಾಸ್ ಇಟ್ಟುಕೊಂಡು ದಿನಾ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿಬರುವವರು. ಯಾವ ಕಂಪನಿ ಯಾರನ್ನು ತೆಗೆದುಕೊಳ್ಳುತ್ತಿದೆ, ಯಾರನ್ನು ತೆಗೆದುಹಾಕುತ್ತಿದೆ ಎಂಬ ಖಚಿತ ಸುದ್ದಿ ಇರುವುದು ಇವರ ಹತ್ತಿರ. ಇವರನ್ನು ಯಾರೂ ಕರೆಯುವುದಿಲ್ಲ, ಕರೆದರೂ ಶನಿವಾರ ಏಳುವುದಿಲ್ಲ.)

ಸ್ಥಳೀಯ ಉದಾಹರಣೆ ಕೊಟ್ಟರೆ ಹುಡುಗರಿಗೆ ನಾಟುತ್ತದೆ ಎಂದು ಯಾರೋ ಅವನ ತಲೆಗೆ ತುಂಬಿದ್ದಾರೆ. 'ನೀವೆಲ್ಲ ಕುಣಿಗಲ್ ಫಾರಂ ಕುದುರೆ ಥರ ಓಡಬೇಕು!' ಅಂದ.

ಮೂರನೇ ಸಾಲಿನಿಂದ ಕುಣಿಗಲ್ ಹುಡುಗಿ ಎದ್ದಳು. ದಿನಾ ಬೆಳಿಗ್ಗೆ ಹೆಬ್ಬೂರಿನ ಮೇಲೆ ಬಸ್ಸಿನಲ್ಲಿ ಬರುವವಳು. 'ಸರ್, ಅಲ್ಲಿ ಓಡ್ಸಲ್ಲ. ಮರಿ ಮಾಡ್ಸಿ ಸಾಕ್ತಾರೆ ಅಷ್ಟೆ. ಓಡ್ಸೋದು ಬೆಂಗಳೂರಲ್ಲಿ.'

'ಎಕ್ಸಾಕ್ಟ್ಲಿ!' ಅಂದ ಮೆಂಟರಣ್ಣ. ಸೋಲನ್ನು ಸ್ಲೈಡಾಗಿ ಮಾಡಿಕೊಳ್ಳುವ ಕಲೆ ಅವನಿಗೆ ಕರಗತ. 'ಅದಕ್ಕೇ ಹೇಳೋದು, ಊರು ಬಿಡಿ!'

ಹುಡುಗಿ ಕೂರಲಿಲ್ಲ. 'ಸರ್, ನೀವು ಸೇರ್ದಾಗ ಪ್ಯಾಕೇಜು ಎಷ್ಟಿತ್ತು?'

'ಆಗ... ಎರಡೂ ಮುಕ್ಕಾಲು ಲಕ್ಷ.'

'ನಮ್ಮ ಸೀನಿಯರ್ಸ್‌ಗೆ ಹೋದ್ವರ್ಷ ಮೂರೂವರೆ ಕೊಟ್ಟವ್ರೆ. ಆಗ ತಟ್ಟೆ ಇಡ್ಲಿ ಎಷ್ಟಿತ್ತು ಸರ್?'

ಸಭೆ ನಕ್ಕಿತು. ಮೆಂಟರಣ್ಣನೂ ನಕ್ಕ. ಆಮೇಲೆ ದುಡ್ಡಿಗಿಂತ ಕಲಿಕೆ ಮುಖ್ಯ ಎಂಬ ಸ್ಲೈಡಿಗೆ ನಾಲ್ಕು ಸ್ಲೈಡು ಹಾರಿ ಹೋದ. ಮೆಕ್ಯಾನಿಕಲ್‌ನವನೊಬ್ಬ ಎದ್ದು ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರುವುದು ಹೇಗೆ ಎಂದು ಕೇಳಿದ. ಅದು ಗುಬ್ಬಿ ತಾಲ್ಲೂಕಿನಲ್ಲೇ 615 ಎಕರೆಯಲ್ಲಿ ಎದ್ದು, 2023ರ ಫೆಬ್ರುವರಿ 6ರಂದು ಪ್ರಧಾನಿ ಬಂದು ಉದ್ಘಾಟಿಸಿದ ಹೆಲಿಕಾಪ್ಟರ್ ಕಾರ್ಖಾನೆ. ಏನೂ ಇಲ್ಲದ ಊರು ಎಂದು ಮೆಂಟರಣ್ಣ ಬಿಟ್ಟುಹೋದ ಊರಿಗೇ ಹೆಲಿಕಾಪ್ಟರ್ ಬಂದು ಇಳಿದಿದೆ. ಅವನ ಪಿಪಿಟಿಯಲ್ಲಿ ಮಾತ್ರ ಗುಬ್ಬಿ ಇನ್ನೂ ಹಳೆಯ ಗುಬ್ಬಿಯೇ. 'ಗುಡ್ ಕ್ವೆಶ್ಚನ್' ಅಂದ. ಮೆಂಟರಣ್ಣನ ಬಾಯಲ್ಲಿ ಅದಕ್ಕೆ ಉತ್ತರ ಗೊತ್ತಿಲ್ಲ ಎಂದರ್ಥ.

ಹುಡುಗರು ಕಾಯುವುದು ಭಾಷಣ ಮುಗಿಯುವುದನ್ನು. ವೇದಿಕೆಯಲ್ಲಿ 'ಸರ್' ಆಗಿದ್ದವನು ಕೆಳಗಿಳಿದ ಕೂಡಲೇ 'ಅಣ್ಣ' ಆಗುತ್ತಾನೆ. 'ಅಣ್ಣ, ನಿಮ್ ಕಂಪನೀಲಿ ಒಂದು ರೆಫರಲ್...' ಪುಸ್ತಕದ ಹೆಸರು ಕೇಳಿ, ಕೊಡುತ್ತಾನೆ. ಧೈರ್ಯ ಕೇಳಿ, ಕೊಡುತ್ತಾನೆ. ಬೆಳಿಗ್ಗೆ ಐದಕ್ಕೆ ಏಳಿ ಅನ್ನುತ್ತಾನೆ, ತಣ್ಣೀರು ಸ್ನಾನ ಮಾಡಿ ಅನ್ನುತ್ತಾನೆ. ರೆಫರಲ್ ಅಂದರೆ ಮಾತ್ರ 'ರೆಸ್ಯೂಮೆ ವಾಟ್ಸಾಪ್ ಮಾಡು, ನೋಡೋಣ.' ಪಾಪ, ಅವನ ಕಷ್ಟವೂ ಉಂಟು. ಕಂಪನಿಯಲ್ಲಿ ತನ್ನ ಕುರ್ಚಿಗೇ ಯಾರಾದರೂ ರೆಫರಲ್ ಕೊಡುವವರಿದ್ದಾರಾ ಎಂದು ಅವನೇ ಹುಡುಕುತ್ತಿರುವ ಕಾಲ ಇದು.

ಗುಬ್ಬಿಯವನಾಗಿ ಇವನಿಗೆ ತನ್ನೂರಿನ ವೀರಣ್ಣನವರು ಒಂದು ಸಲವೂ ನೆನಪಾಗುವುದಿಲ್ಲ ಅನ್ನುವುದು ನನ್ನ ಹೊಟ್ಟೆಯುರಿ. 1884ರಲ್ಲಿ ಹುಟ್ಟಿದ, ಅವರು ನಡೆಸಿದ ಗುಬ್ಬಿ ನಾಟಕ ಕಂಪನಿಯ ಹಳೆಯ ವಿದ್ಯಾರ್ಥಿಗಳ ಪಟ್ಟಿ ತೆಗೆಯಿರಿ: ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್. ಮನೆ ಬಿಟ್ಟು ಓಡಿಬಂದು ಸೇರಿಕೊಂಡ ಬಿ.ವಿ. ಕಾರಂತರಿಗೆ ವೀರಣ್ಣನವರು ನಾಳೆಯಿಂದ ಐದಕ್ಕೆ ಏಳು ಅನ್ನಲಿಲ್ಲ, ಎಂ.ಎ. ಓದಿಕೊಂಡು ಬಾ ಎಂದು ತಮ್ಮ ಖರ್ಚಿನಲ್ಲಿ ಬನಾರಸಿಗೆ ಕಳಿಸಿದರು. ಕಾರಂತರು ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ನ್ಯಾಕ್‌ನವರು ಕೇಳಿದ್ದರೆ ಕಂಪನಿಯ ಹತ್ತಿರ ತೋರಿಸಲು ಒಂದು ಬ್ಯಾನರಿನ ಫೋಟೊ ಕೂಡ ಇರುತ್ತಿರಲಿಲ್ಲ.

ಊಟ ಮುಗಿಸಿ ಮೆಂಟರಣ್ಣ ಕಾರಿನ ಕಡೆ ಹೊರಟಾಗ ಗುಬ್ಬಿ ಕಡೆಯ ಹುಡುಗನೊಬ್ಬ ಮೆಟ್ಟಿಲ ಮೇಲೆ ಹಿಡಿದ. ಕೈಯಲ್ಲಿ ಎರಡು ಪುಟದ ರೆಸ್ಯೂಮೆ. ಸೀನಿಯರ್‌ನಿಂದ ಸೀನಿಯರ್‌ಗೆ ಇಳಿದು ಬಂದದ್ದು. ಹವ್ಯಾಸ 'ಹಾಡು ಕೇಳುವುದು', ಬಲ 'ಕಠಿಣ ಪರಿಶ್ರಮ', ಕೊನೆಗೆ ಮೇಲಿನದೆಲ್ಲ ಸತ್ಯವೆಂಬ ಪ್ರಮಾಣ. ಮೆಂಟರಣ್ಣ ಪೆನ್ನು ತೆಗೆದು ಮೂರನ್ನೂ ಹೊಡೆದುಹಾಕಿದ.

'ನಿಜವಾಗ್ಲೂ ಏನ್ ಮಾಡಿದ್ದೀಯೋ?'

'ಏನಿಲ್ಲ ಅಣ್ಣ. ತೋಟದ್ ಬೋರಿಗೆ ಒಂದು ಮೊಬೈಲ್ ಸ್ಟಾರ್ಟರ್ ಮಾಡಿವ್ನಿ. ತ್ರೀ ಫೇಸು ರಾತ್ರಿ ಎರಡಕ್ಕೆ ಕೊಡ್ತಾರಲ್ಲ, ನಮ್ಮಪ್ಪ ಬ್ಯಾಟ್ರಿ ಹಿಡ್ಕೊಂಡು ಹೋಗ್ಬೇಕಿತ್ತು, ಹಾವು ಬೇರೆ. ಈಗ ಮಿಸ್‌ಕಾಲ್ ಕೊಟ್ರೆ ಮೋಟ್ರು ಆನ್ ಆಗುತ್ತೆ.'

'ಇದು ಯಾಕೋ ರೆಸ್ಯೂಮೆಯಲ್ಲಿ ಇಲ್ಲ?'

'ಅದು ಮನೇದಲ್ವಾ ಅಣ್ಣ.'

ಮೆಂಟರಣ್ಣ ಮೆಟ್ಟಿಲ ಮೇಲೇ ಕೂತ. ಯಾವ ರಿಲೇ, ಸಿಮ್ ಯಾವುದು, ಒಂದು ಫೇಸ್ ಹೋದರೆ ಮೋಟಾರು ಸುಡುವುದಿಲ್ಲವೇ, ನೀರು ಬತ್ತಿದ್ದು ಅದಕ್ಕೆ ಹೇಗೆ ಗೊತ್ತಾಗುತ್ತದೆ. ಹುಡುಗ ರೆಸ್ಯೂಮೆಯ ಹಿಂಬದಿಯಲ್ಲಿ ಸರ್ಕ್ಯೂಟು ಬರೆದ. ಮೆಂಟರಣ್ಣ ಒಂದು ಗೆರೆ ತಿದ್ದಿದ, ಹುಡುಗ ಅದು ತಪ್ಪು ಎಂದು ತೋರಿಸಿದ, ಇವನು ಒಪ್ಪಿಕೊಂಡ. ಡಿಗ್ರಿ ಕೈಗೆ ಬಂದ ಮೇಲೆ ಅವನು ರಿಲೇ ಮುಟ್ಟಿದ್ದೇ ಇಲ್ಲ. ಕೊರಳಿನ ಐಡಿ ಕಾರ್ಡು ತಿರುಗಿ ಬೆನ್ನಿಗೆ ಹೋಗಿತ್ತು. ಬೆಳಿಗ್ಗೆಯಿಂದ ಅವನು ಇಂಜಿನಿಯರಿನ ಹಾಗೆ ಕಂಡದ್ದು ಆ ಹದಿನೈದು ನಿಮಿಷ.

ಆಮೇಲೆ ಎಚ್ಚರವಾಯಿತು. 'ಇದನ್ನ ಐಒಟಿ ಬೇಸ್ಡ್ ಸ್ಮಾರ್ಟ್ ಇರಿಗೇಷನ್ ಸೊಲ್ಯೂಷನ್ ಅಂತ ಬರೆಯೋ.'

'ಸರಿ ಅಣ್ಣ' ಅಂದ ಹುಡುಗ, ಬರೆಯುವ ಲಕ್ಷಣ ತೋರಿಸದೆ.

ಮೆಂಟರಣ್ಣ ಎದ್ದು ಪ್ಯಾಂಟು ಕೊಡವಿ, ಎರಡು ಮೆಟ್ಟಿಲು ಇಳಿದು, ಆಚೀಚೆ ನೋಡಿ, ದನಿ ತಗ್ಗಿಸಿದ. 'ಲೋ ತಮ್ಮ, ನಮ್ ತೋಟಕ್ಕೂ ಒಂದು ಮಾಡಿಕೊಡ್ತೀಯಾ? ಅಪ್ಪನಿಗೆ ಎಪ್ಪತ್ತೆರಡು. ಈಗ್ಲೂ ರಾತ್ರಿ ಎದ್ದು ಹೋಗ್ತಾರೆ.'

'ಮಾಡ್ಕೊಡ್ತೀನಿ ಬಿಡಣ್ಣ. ಐಟಂಗೇ ನಾಲ್ಕು ಸಾವ್ರ ಆಗುತ್ತೆ, ಸಿಮ್ ನೀವೇ ಹಾಕ್ಸ್ಕೋಬೇಕು. ಅರ್ಧ ಅಡ್ವಾನ್ಸ್ ಕೊಟ್ರೆ ಬೆಂಗಳೂರಿಗೆ ಹೋಗಿ ಎಸ್.ಪಿ. ರೋಡಿಂದ ತರ್ತೀನಿ.'

'ಡಿಸ್ಕೌಂಟ್ ಇಲ್ವೇನೋ?'

'ಇಲ್ಲಣ್ಣ' ಅಂದು ಹುಡುಗ ಫೋನಿನಲ್ಲಿ ತನ್ನ ಕ್ಯೂಆರ್ ಕೋಡ್ ತೆಗೆದು ಹಿಡಿದ.